ಆರನೆಯ ಉಸಿರು

ನೀಲಾಂಬಿಕಾ ಗಾಜಿನ ಬಿಲ್ಲೆಯನ್ನು ಬಾಯಿಯ ಹತ್ತಿರ ಹಿಡಿದು, ಬಿಸಿ ಚಹಾ ಆರಿಸುವವರಂತೆ ಉದ್ದಕ್ಕೆ ಊದಿದರು. ಬಿಲ್ಲೆಯ ಮೇಲೆ ಮಂಜು ಕವಿಯಿತು. ಮಂಜು ಕರಗುತ್ತ ಬಂದಂತೆ ಅದರೊಳಗಿಂದ ಬಣ್ಣದ ಎಳೆಗಳು ಎದ್ದವು. ಮೊದಲನೆಯದು ಅವರದೇ ಉಸಿರು, ಉಳಿದವು ಅವರ ಜೊತೆ ಇಪ್ಪತ್ತು ದಿನಗಳಿಂದ ಒಂದೇ ಸೂರಿನಡಿ ಇದ್ದ ನಾಲ್ವರು ಹೆಂಗಸರವು. ಒಟ್ಟು ಐದು ಇರಬೇಕಿತ್ತು. ಅವರು ಎರಡು ಸಲ ಎಣಿಸಿದರು. ಅಂಚಿನಲ್ಲಿ ತುಕ್ಕಿನ ಬಣ್ಣದ್ದೊಂದು ಎಳೆ ಹೆಚ್ಚಿಗೆ ಇತ್ತು.

ಅಜ್ಜಿಯರು ಹೇಳುವ ಕಥೆಗಳಲ್ಲಿ ರಾಕ್ಷಸನ ಜೀವ ಏಳು ಸಮುದ್ರದಾಚೆ, ಗಿಳಿಯ ಹೊಟ್ಟೆಯಲ್ಲಿ ಅಡಗಿರುತ್ತಿತ್ತು. ಮೌನಜ್ವರದ ಆ ವರ್ಷಗಳಲ್ಲಿ ಎಲ್ಲರ ಜೀವವೂ ಪಕ್ಕದವರ ಉಸಿರಿನಲ್ಲಿ ಅಡಗಿತ್ತು. ಇಪ್ಪತ್ತು ದಿನ ಒಂದು ಕೆಮ್ಮೂ ಇಲ್ಲದೆ ಮೈಯೊಳಗೆ ಕೂತಿದ್ದು, ಇಪ್ಪತ್ತೊಂದನೆಯ ದಿನ ಏಳುವ ಜ್ವರ ಅದು. ಯಾವ ಪರೀಕ್ಷೆಗೂ ಸಿಗುತ್ತಿರಲಿಲ್ಲ. ಕೊನೆಗೆ ವಿಜ್ಞಾನಿಗಳು ಜ್ವರವನ್ನು ಹುಡುಕುವುದನ್ನು ಬಿಟ್ಟು ಸಂಗವನ್ನು ಹುಡುಕತೊಡಗಿದರು. ಪ್ರತಿ ಮನುಷ್ಯನ ಉಸಿರಿನಲ್ಲೂ ಅವನದೇ ಆದ ಸೂಕ್ಷ್ಮಜೀವಿಗಳ ಗುರುತು, ಅಂದರೆ ಉಸಿರಚ್ಚು, ಇರುತ್ತದೆ. ಎದುರುಬದುರು ನಿಂತು ಮಾತಾಡಿದವರ ಉಸಿರಚ್ಚು ನಮ್ಮ ಶ್ವಾಸಕೋಶದಲ್ಲಿ ಇಪ್ಪತ್ತು ದಿನ ಉಳಿಯುತ್ತದೆ. ಅದನ್ನು ಓದುವ ಉಪಕರಣವೇ ಈ ಗಾಜಿನ ಬಿಲ್ಲೆ, ಉಸಿರುಗನ್ನಡಿ.

ಒಂಟಿ ಪ್ರಯಾಣಿಕರನ್ನು ಯಾವ ದೇಶವೂ ಒಳಗೆ ಬಿಡುತ್ತಿರಲಿಲ್ಲ. ಒಬ್ಬನೇ ಬಂದವನು ಯಾರ ಜೊತೆ ಇದ್ದನೆಂದು ಸಾಕ್ಷಿ ಹೇಳುವವರು ಯಾರು? ಬದಲಿಗೆ ಮುಚ್ಚಿದ ಉಸಿರುಬಳಗಗಳಿಗೆ ಗಡಿ ತೆರೆಯುತ್ತಿತ್ತು. ಇಪ್ಪತ್ತೊಂದು ದಿನ ತಮ್ಮತಮ್ಮೊಳಗೇ ಉಸಿರಾಡಿದ ಗುಂಪು ಕೂಡಿ ಹೋಗಬೇಕು, ಮೂರು ತಿಂಗಳ ನಂತರ ಕೂಡಿಯೇ ಮರಳಬೇಕು. ಇದಕ್ಕೆಂದೇ ಹುಬ್ಬಳ್ಳಿಯ ಹೊರಗೆ ಸಂಗಡಮನೆ ಎದ್ದಿತ್ತು.

ನೀಲಾಂಬಿಕಾ ಮೂವತ್ತು ವರ್ಷ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂತವರು. ಯಾವ ಗಾಡಿ ಎಲ್ಲಿ ತಪ್ಪಿದರೆ ಎಲ್ಲಿ ಸಿಗುತ್ತದೆ ಎಂಬುದು ಅವರಿಗೆ ಬಾಯಿಪಾಠ. ಅವರ ಮಗಳು ಮೈತ್ರಾ ರಾಟರ್‌ಡ್ಯಾಮ್‌ನಲ್ಲಿ ಸಮುದ್ರದ ನೀರು ತಡೆಯುವ ಬಾಗಿಲುಗಳನ್ನು ನೋಡಿಕೊಳ್ಳುವ ಎಂಜಿನಿಯರ್. ಮೊದಲ ಬಸಿರು ಏಳು ತಿಂಗಳಿಗೇ ಹೋಗಿತ್ತು. ಎರಡನೆಯದಕ್ಕೆ ಇನ್ನು ಒಂಬತ್ತು ದಿನ. ಹಡಗಿನಲ್ಲಿ ಕೆಲಸ ಮಾಡುವ ಅಳಿಯ ಬಂದರುಗಳು ಮುಚ್ಚಿ ನಾಲ್ಕು ತಿಂಗಳಿಂದ ನಡುನೀರಿನಲ್ಲಿ ಸಿಕ್ಕಿಬಿದ್ದಿದ್ದ. ಬಾಣಂತನಕ್ಕೆಂದು ಅದೇ ಊರಿಗೆ ಹೋಗಬೇಕಾದ ಇನ್ನೂ ನಾಲ್ವರು ತಾಯಂದಿರನ್ನು ನೀಲಾಂಬಿಕಾ ಊರೂರು ಫೋನು ಮಾಡಿ ಹುಡುಕಿ, ಬಳಗ ಕಟ್ಟಿದ್ದರು. ನಾಳೆ ಮಧ್ಯಾಹ್ನ ವಿಮಾನ.

"ಐದೂ ಮಂದಿ ಕನ್ನಡಿಯೊಳಗ ಅದ ಎಳಿ ಐತಿ," ಗಾಜಿನ ಗೋಡೆಯ ಆಚೆಯಿಂದ ಡಾಕ್ಟರ್ ಫರೀದಾ ನದಾಫ್ ಹೇಳಿದರು. ಸಂಗಡಮನೆಯ ವಿಜ್ಞಾನಿ ಆಕೆ. "ಯಾರನ್ನ ಭೆಟ್ಟಿ ಆಗೀರಿ, ಖರೇ ಹೇಳ್ರಿ."

ಬಳಗದಲ್ಲೊಬ್ಬರಾದ ನವಲಗುಂದದ ಪ್ರಮೀಳಾಬಾಯಿ ಬಾಯಿಬಿಟ್ಟರು. "ಭೆಟ್ಟಿ ಅಲ್ರಿ ಡಾಕ್ಟರ್. ಹುಲಿಗೆವ್ವ ಉಡಿ ತುಂಬಿದ್ಲು. ಆಕಿ ಹೊಸ್ತಿಲ ಆಚೆ ಇದ್ಲು, ನಾವು ಈಚೆ."

ಹುಲಿಗೆವ್ವ ಸಂಗಡಮನೆಯ ಅಡುಗೆಯವಳು. ಹಿತ್ತಿಲ ಅಡುಗೆಕೋಣೆಯಲ್ಲಿ ಅವಳೂ ಒಬ್ಬಳೇ ಇಪ್ಪತ್ತು ದಿನಗಳಿಂದ ಬೀಗದೊಳಗೆ ಇದ್ದಳು. ಊಟದ ಡಬ್ಬಿಗಳನ್ನು ಕಿಂಡಿಯಲ್ಲಿಟ್ಟು ಗಂಟೆ ಬಾರಿಸುವುದಷ್ಟೇ ಅವಳ ಕೆಲಸ.

"ಉಡಿ ತುಂಬೂದಂದ್ರ ಮಾರು ದೂರದಿಂದ ಒಗದಳೇನು?" ಫರೀದಾ ಹಣೆ ಒತ್ತಿಕೊಂಡರು.

"ಅಷ್ಟು ದೂರ ಹೋಗೂ ಹೆಣ್ಮಕ್ಕಳು ಬರೇ ಉಡೀಲೆ ಹೋಗೂದ್ಹೆಂಗ್ರಿ? ಅಕ್ಕಿ, ಕೊಬ್ಬರಿ ಬಟ್ಟಲ, ಅಷ್ಟ. ಮುಖದ ಬಟ್ಟಿ ಕಟ್ಟಿದ್ಲು. ಹಾಡು ಹೇಳೂ ಮುಂದ ಮಾತ್ರ..."

"ಹಾಡು ಬ್ಯಾರೆ!" ಎಂದು ಫರೀದಾ ಕುರ್ಚಿಗೆ ಒರಗಿಬಿಟ್ಟರು. "ಪ್ರಮೀಳಾಬಾಯಿ, ಒಂದು ತಾಸು ಮಾತಾಡಿದ್ರ ಹೋಗುವಷ್ಟು ಉಸಿರು ಒಂದು ಹಾಡಿನಾಗ ಹೋಗತದ. ನೀವೂ ದನಿಗೂಡಿಸಿರಬೇಕಲ್ಲ?"

"ಸೋಬಾನದ ಹಾಡಿಗೆ ಸುಮ್ಮ ನಿಂದರಾಕ ಆಕ್ಕೈತೇನ್ರಿ?"

ಬಳಗದ ಹಿರಿಯಳಾಗಿ ಬೇಡವೆನ್ನಬೇಕಾದವರು ನೀಲಾಂಬಿಕಾ ಅವರೇ. ಉಡಿ ತುಂಬಿದ ಆ ಶುಕ್ರವಾರ ಅವರು ದೂರವೇ ನಿಂತಿದ್ದರು. ನಿಯಮ ನೆನಪಾಗಿ ಅಲ್ಲ. ಗಂಡ ಹೋದ ಒಂಬತ್ತು ವರ್ಷಗಳಲ್ಲಿ ಯಾರೂ ಅವರ ಉಡಿ ತುಂಬಿರಲಿಲ್ಲ. ನಾಲ್ವರದು ಮುಗಿದ ಮೇಲೆ ಹುಲಿಗೆವ್ವ ಅಕ್ಕಿಯ ಮೊರ ಕೆಳಗಿಡದೆ ಕರೆದಿದ್ದಳು: "ಬರ್ರಿ ಅಕ್ಕಾರ, ಬಾಣಂತನಕ್ಕ ಹೊಂಟವರು ನೀವು, ಎಲ್ಲಾರಗಿಂತ ಮೊದಲ ಬರಬೇಕಾಗಿತ್ತು." ಅವರು ಹೋದರು. ಸೆರಗು ಒಡ್ಡಿ ಅತ್ತರು. ಹುಲಿಗೆವ್ವ ಅವರ ಗಲ್ಲ ಒರೆಸಿದಳು. ಕನ್ನಡಿಯಲ್ಲಿ ತುಕ್ಕಿನ ಎಳೆ ಎಲ್ಲರಿಗಿಂತ ದಪ್ಪವಾಗಿದ್ದುದು ಅವರದರಲ್ಲೇ.

"ಈಗ ಏನು ದಾರಿ?" ಎಂದರು.

"ಎರಡು ಅದಾವ," ಫರೀದಾ ವಿವರಿಸಿದರು. "ಹೊರಗಿನ ಉಸಿರು ಇರೂಮಟಾ ನಿಮ್ಮ ಬಳಗ ಮುಚ್ಚಿದ್ದಲ್ಲ. ಇನ್ನೊಮ್ಮೆ ಇಪ್ಪತ್ತೊಂದು ದಿನ ಕೂಡ್ರಬೇಕು. ಇಲ್ಲಾ, ಆ ಹೊರಗಿನವರನ್ನ ಒಳಗಿನವರು ಮಾಡ್ಕೋಬೇಕು. ಹುಲಿಗೆವ್ವನ ಕನ್ನಡಿ ನೋಡಿದೆ. ಆಕಿ ಒಳಗ ನಿಮ್ಮ ಐದು ಮಂದಿನ ಬಿಟ್ರ ಮತ್ತೊಬ್ಬರಿಲ್ಲ. ಕನ್ನಡಿಗೆ ಅಡಗಿಯವರು, ಪ್ರಯಾಣಿಕರು ಅಂತ ಭೇದ ಗೊತ್ತಿಲ್ಲ. ಅದರ ಲೆಕ್ಕದಾಗ ನೀವು ಆರು ಮಂದಿ. ಆಕಿ ಕೂಡ ಬಂದ್ರ ನಾಳೆ ಗಡಿ ತೆರೀತದ."

ಫರೀದಾ ಹೋದ ಮೇಲೆ ಪ್ರಮೀಳಾಬಾಯಿ ನೀಲಾಂಬಿಕಾರ ಮೊಣಕೈ ಹಿಡಿದರು. "ನಮ್ಮ ನಾಲ್ಕು ಮಂದಿ ಮಕ್ಕಳಿಗೆ ಇನ್ನೂ ಎರಡು ತಿಂಗಳ ಮ್ಯಾಲ ಐತಿ. ನಾವು ಮತ್ತ ಕೂಡ್ರತೇವಿ. ನಿಮ್ದ ಆಗಂಗಿಲ್ಲ. ಹೋಗಿ ಕೇಳ್ರಿ ಆಕಿನ್ನ. ವಿಮಾನ ಹತ್ತು ಅಂದ್ರ ಯಾರು ಒಲ್ಲೆ ಅಂತಾರ?"

ಅಡುಗೆಕೋಣೆಯ ಹೊಸ್ತಿಲಲ್ಲಿ ಹುಲಿಗೆವ್ವ ಒಂದು ಚೀಲದ ಬಾಯಿ ಕಟ್ಟುತ್ತಿದ್ದಳು. ವಿಷಯ ಅವಳ ಕಿವಿಗೆ ಆಗಲೇ ಬಿದ್ದಿತ್ತು. ನೀಲಾಂಬಿಕಾ ಬಾಯಿ ತೆರೆಯುವ ಮೊದಲೇ ಅವಳು ಎದ್ದು ನಿಂತಳು.

"ನಾ ಬರ್ತೇನ್ರಿ ಅಕ್ಕಾರ. ತಪ್ಪು ನಂದು. ಡಾಕ್ಟರ್ ಬಾಯಾರು ಹೇಳಿದ್ರು, ಮೂರು ತಿಂಗಳಂತ. ಬರ್ತೇನಿ."

"ಎಲ್ಲಿಗೆ ಕಟ್ಟಾಕ ಹತ್ತೀದಿ ಇದನ್ನ?"

"ಇದು... ನಾಳೆ ನೀವು ಹೋದ ಮ್ಯಾಲ ನನಗೂ ಬೀಗ ತಗೀತಾರಲ್ರಿ. ಮನೀಗೆ ಹೋಗೂದಿತ್ತು. ಇರ್ಲಿ ಬಿಡ್ರಿ, ಗೇಟಿನವರ ಕೈಯಾಗ ಕಳಸ್ತೇನಿ."

"ಏನೈತಿ ಅದರಾಗ?"

ಹುಲಿಗೆವ್ವ ಚೀಲವನ್ನು ಹಿಂದಕ್ಕೆ ಸರಿಸಿದಳು. ನೀಲಾಂಬಿಕಾ ಬಗ್ಗಿ ಚೀಲದ ಬಾಯಿ ಬಿಚ್ಚಿದರು. ಹಳೆಯ ನೂಲಿನ ಸೀರೆಗಳನ್ನು ತೊಳೆದು ಚೌಕ ಚೌಕವಾಗಿ ಹರಿದು ಮಡಚಿಟ್ಟಿದ್ದಳು. ಕೂಸಿನ ಬಟ್ಟೆ.

"ಯಾರಿಗೆ?"

"ನನ್ನ ಮಗಳು ರೇಣುಕಾಗ. ಇನ್ನ ಎಂಟತ್ತು ದಿನ ಅಂದಾರ್ರಿ. ಚೊಚ್ಚಲ." ಅವಳು ಅವಸರದಿಂದ ಸೇರಿಸಿದಳು, "ಅಕ್ಕಪಕ್ಕದವರು ಅದಾರ್ರಿ. ನೀವು ಚಿಂತಿ ಮಾಡಬ್ಯಾಡ್ರಿ."

"ಇಪ್ಪತ್ತು ದಿನ ನಮಗ ಅಡಗಿ ಮಾಡಿ ಹಾಕಿದಿ. ಒಂದು ಮಾತು ಹೇಳಲಿಲ್ಲಲ್ಲವಾ!"

"ನೀವು ಕೇಳ್ಲಿಲ್ರಿ."

ಅದರಲ್ಲಿ ಕೊಂಕು ಇರಲಿಲ್ಲ. ಅದಕ್ಕೇ ನೀಲಾಂಬಿಕಾರಿಗೆ ತಡೆಯಲಾಗಲಿಲ್ಲ. ವಿಚಾರಣೆ ಕಿಟಕಿಯಲ್ಲಿ ಕೂತಷ್ಟು ಕಾಲವೂ ಅವರು ಉತ್ತರ ಹೇಳಿದ್ದೇ ಹೆಚ್ಚು. ಅವರು ಹೊರಗೆ ಬಂದು, ಬೇವಿನ ಗಿಡದ ಕೆಳಗೆ ಬಹಳ ಹೊತ್ತು ಕೂತರು. ಹುಲಿಗೆವ್ವನಿಗೆ ಬರಬೇಡವೆಂದು ಹೇಳುವುದು ಒಂದು ಮಾತು. ಆ ಮಾತನ್ನು ರಾಟರ್‌ಡ್ಯಾಮ್‌ವರೆಗೆ ಒಯ್ಯುವುದು ಬೇರೆ. ಮೈತ್ರಾಳ ಹೊಟ್ಟೆಯ ಚಿತ್ರ ಫೋನಿನಲ್ಲಿತ್ತು. ಅದನ್ನು ತೆರೆದರೆ ಮನಸ್ಸು ತಿರುಗಿಬಿಡುತ್ತದೆಂದು ತೆರೆಯಲಿಲ್ಲ.

ಸಂಜೆ ಫರೀದಾ ಆರು ಹೆಸರಿನ ಪತ್ರ ಹಿಡಿದು ಬಂದಾಗ, ನೀಲಾಂಬಿಕಾ ಹುಲಿಗೆವ್ವನ ಹೆಸರನ್ನೂ ತಮ್ಮ ಹೆಸರನ್ನೂ ಹೊಡೆದುಹಾಕಿದರು. ಉಳಿದ ನಾಲ್ವರ ಜೊತೆ ಇನ್ನೊಮ್ಮೆ ಕೂತರೂ ಅವರು ಹೆರಿಗೆಯ ಹೊತ್ತಿಗೆ ಮುಟ್ಟುವಂತಿರಲಿಲ್ಲ. ಪ್ರಮೀಳಾಬಾಯಿ ಕೂಗಾಡಿದರು, "ಕೂಸು ಹಡಿಯೋದು ನಿಮ್ಮ ಮಗಳು! ಆಕಿಗೆ ನೀವಲ್ದ ಯಾರದಾರ?" ನೀಲಾಂಬಿಕಾ ಮಗಳಿಗೆ ಫೋನು ಹಚ್ಚಿದರು.

ಮೈತ್ರಾ ಮಾತ್ರ ಕೂಗಾಡಲಿಲ್ಲ. ಪೂರ್ತಿ ಕೇಳಿಸಿಕೊಂಡಳು.

"ಅಂದ್ರ ಬರಂಗಿಲ್ಲ."

"ಮೈತ್ರಾ, ಆಕಿ ಮಗಳೂ..."

"ಆಕಿ ಮಗಳಿಗೆ ಅವ್ವ ಅದಾಳ. ಆತು ಬಿಡವ್ವ." ಫೋನು ಇಟ್ಟಳು. ಆಮೇಲೆ ಹದಿಮೂರು ದಿನ ತಾಯಿಯ ಕರೆ ಎತ್ತಲಿಲ್ಲ. ಹತ್ತನೆಯ ದಿನ ಆಸ್ಪತ್ರೆಯಿಂದ ಎರಡೇ ಶಬ್ದದ ಸಂದೇಶ ಬಂತು: ಗಂಡುಮಗು. ಆರಾಮ.

ಬಳಗದಿಂದ ಹೊರಬಂದವರಿಗೂ ಒಂದು ನಿಯಮವಿತ್ತು. ಉಸಿರು ತಿಳಿಯಾಗುವವರೆಗೆ ಅವರು ಒಬ್ಬರೇ ಬಾಗಿಲು ಹಾಕಿಕೊಂಡಿರಬೇಕು, ಇಲ್ಲವೇ ತಮ್ಮ ಕನ್ನಡಿಯಲ್ಲಿ ಆಗಲೇ ಇದ್ದವರ ಮನೆಯಲ್ಲಿರಬೇಕು. ತಂಗಿಯ ಮನೆಗೆ ಹೋಗುವಂತಿಲ್ಲ, ಓಣಿಯವರ ಮನೆಗೂ ಇಲ್ಲ. ಜಗತ್ತಿನ ಬಾಗಿಲುಗಳನ್ನೆಲ್ಲ ಮುಚ್ಚಲೆಂದು ಮಾಡಿದ ಕನ್ನಡಿ ನೀಲಾಂಬಿಕಾರಿಗೆ ತೆರೆದಿಟ್ಟದ್ದು ಒಂದೇ ಬಾಗಿಲು, ಹಳೇ ಹುಬ್ಬಳ್ಳಿಯ ಎರಡು ಕೋಣೆಯ ಹುಲಿಗೆವ್ವನ ಮನೆಯದು. ಹುಲಿಗೆವ್ವ ಅವರ ಟ್ರಂಕನ್ನು ತಾನೇ ಎತ್ತಿಕೊಂಡು ಮುಂದೆ ನಡೆದಿದ್ದಳು. ಅಲ್ಲಿಯೇ ರೇಣುಕಾ ಹೆಣ್ಣು ಹಡೆದಳು.

ಹದಿನಾಲ್ಕನೆಯ ದಿನ ಬೆಳಗ್ಗೆ ಬಚ್ಚಲಿನಲ್ಲಿ ಹಂಡೆಯ ನೀರು ಕಾದಿತ್ತು. ಹುಲಿಗೆವ್ವನಿಗೆ ಸೊಂಟ ಹಿಡಿದಿದ್ದರಿಂದ ನೀಲಾಂಬಿಕಾ ಮಣೆಯ ಮೇಲೆ ಕಾಲು ಚಾಚಿ ಕೂತು, ಕೂಸನ್ನು ಕಣಕಾಲಿನ ಮೇಲೆ ಬೋರಲು ಮಲಗಿಸಿಕೊಂಡರು. ಫೋನು ರಿಂಗಾಯಿತು. ಹುಲಿಗೆವ್ವ ಎತ್ತಿ, ಗೋಡೆಯ ಗೂಡಿನಲ್ಲಿ ನಿಲ್ಲಿಸಿದಳು.

ಮೈತ್ರಾ ಬಿಳಿ ಹಾಸುಗಲ್ಲಿನ ಸ್ನಾನದ ಕೋಣೆಯಲ್ಲಿ, ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಮಡಿಲಲ್ಲಿ ಟವೆಲಿನ ಗಂಟು. ಕಣ್ಣು ಬಾತಿದ್ದವು. ತಾಯಿಯ ಕಾಲ ಮೇಲಿನ ಕೂಸನ್ನು ಅವಳು ನೋಡುತ್ತಲೇ ಇದ್ದಳು.

"ಆಕಿ ಮಗಳ ಕೂಸು?"

"ಹೂಂ."

"ನಾಕು ದಿನ ಆತು, ಇವನ ಮೈ ಒರಸಾಕತ್ತೇನಿ ಅಷ್ಟ. ನೀರು ಹಾಕಾಕ ಅಂಜಿಕಿ." ಮೈತ್ರಾ ಮೂಗು ಒರೆಸಿಕೊಂಡಳು. "ನೀ ಹಾಕು. ನೋಡಿ ಹಾಕ್ತೇನಿ. ಜೋರು ಮಾಡಬ್ಯಾಡ."

ನೀಲಾಂಬಿಕಾ ಅಂಗೈಯಲ್ಲಿ ನೀರು ತೆಗೆದು ಕೂಸಿನ ಬೆನ್ನಿಗೆ ಬಿಟ್ಟರು. ಅಲ್ಲಿ ಮೈತ್ರಾ ಬಿಟ್ಟಳು. ಅವರು ಹಿಮ್ಮಡಿ ತಿಕ್ಕಿದರು. ಅಲ್ಲಿಯೂ ತಿಕ್ಕಿದ್ದಾಯಿತು. "ಕಾಲು ನಡಗತಾವ ಅವ್ವಾ," ಎಂದಳು. "ಎರಡೂ ಪಾದ ಕೂಡಿಸಿ ಹಿಡಿ, ಜಾರಂಗಿಲ್ಲ," ಎಂದರು. ರೇಣುಕಾಳ ಕೂಸು ನಿದ್ದೆಗಣ್ಣಿನಲ್ಲಿ ಸುಮ್ಮನಿತ್ತು. ಅಷ್ಟರಲ್ಲಿ ಆ ಕಡೆ, ಟವೆಲಿನೊಳಗಿಂದ ಬಂದ ಕೂಸು ತಲೆಗೆ ನೀರು ಬಿದ್ದದ್ದೇ ಕಿಟಾರನೆ ಕಿರುಚಿತು.

ಮೊಮ್ಮಗನ ದನಿ ಅವರು ಕೇಳಿದ್ದು ಅದೇ ಮೊದಲು. ಅವರ ಒದ್ದೆ ಕೈ ತಾನಾಗಿಯೇ ಎದ್ದು, ಹೋಗಿ ಫೋನಿನ ಗಾಜಿನ ಮೇಲೆ ಕೂತಿತು.

"ಅವ್ವಾ," ಆ ಕಡೆಯಿಂದ ಮೈತ್ರಾ ಕೂಗಿದಳು, "ಕೈ ತಗಿ. ಏನೂ ಕಾಣವಲ್ದು."