ಒಪೆರಾ ಮನೆಯ ಉಂಬೆರ್ತೊ

ಸುಮೇಧಾ ಆ ಮನೆಯ ಬೆಲ್ ಒತ್ತಿದ್ದು ಜಗಳವಾಡಲಿಕ್ಕೆ.

ಜೆ.ಪಿ. ನಗರದಲ್ಲಿ ಅವಳ ಮನೆಯ ಹಿಂಬದಿಗೇ ಇದ್ದ ಮನೆ ಅದು. ಕೆಲವು ದಿನಗಳಿಂದ ಮಧ್ಯಾಹ್ನವಾದರೆ ಸಾಕು, ಅಲ್ಲಿಂದ ಹೆಣ್ಣುದನಿಯೊಂದು ಮುಗಿಲು ಹರಿಯುವಂತೆ ಏಳುತ್ತಿತ್ತು. ಪಾರ್ಶ್ವವಾಯು ಬಡಿದು ಮಲಗಿದ್ದ ಅಪ್ಪ ತಿರುಮಲೇಶರಿಗೆ ಕಣ್ಣು ಹತ್ತುತ್ತಿರಲಿಲ್ಲ. ಜಯನಗರದ ಕಾಲೇಜಿನಲ್ಲಿ ಕನ್ನಡ ಪಾಠ ಮುಗಿಸಿ ಬಂದ ಸುಮೇಧಾ, ಇವತ್ತು ಒಂದು ಕೈ ನೋಡಿಯೇಬಿಡೋಣವೆಂದು ಮತ್ತೆ ಚಪ್ಪಲಿ ಮೆಟ್ಟಿದ್ದಳು.

ಬಾಗಿಲು ತೆರೆದವನು ಎತ್ತರದ, ಬೆಳ್ಳಿಗೂದಲಿನ ವಿದೇಶಿ. ಅವಳು ಬಾಯಿ ತೆರೆಯುವ ಮೊದಲೇ ಕೈ ಮುಗಿದು, ಬೆಂಗಳೂರಿನ ಕನ್ನಡದಲ್ಲೇ, "ಕ್ಷಮಿಸಿ ಮೇಡಂ, ಅವಳು ಸಾಯ್ತಾ ಇದ್ದಾಳೆ. ಇನ್ನೊಂದು ಹತ್ತು ನಿಮಿಷ ಅಷ್ಟೇ," ಎಂದ.

ಸುಮೇಧಾ ಗಾಬರಿಯಿಂದ ಅವನ ಹೆಗಲಾಚೆ ಇಣುಕಿದಳು. ನಡುಮನೆಯಲ್ಲಿ ಸಾಯುವವರು ಯಾರೂ ಇರಲಿಲ್ಲ. ಚೂಡಿದಾರ್ ತೊಟ್ಟ ಹುಡುಗಿಯೊಬ್ಬಳು ದೊಡ್ಡ ಸ್ಪೀಕರಿನ ಮುಂದೆ ನಿಂತು, ರೆಕಾರ್ಡಿನ ಜೊತೆ ದನಿಗೂಡಿಸಿ ಹಾಡುತ್ತಿದ್ದಳು.

ಅದು ಒಪೆರಾ, ಪೂರ್ತಿ ಹಾಡಿನಲ್ಲೇ ನಡೆಯುವ ನಾಟಕ ಎಂದು ಅವನು ವಿವರಿಸಿದ. ಬಂದರಿನಲ್ಲಿ ಗಂಡನ ಹಡಗಿಗಾಗಿ ಕಾದು ಕಾದು ಪ್ರಾಣ ಬಿಡುವ ಹೆಂಗಸಿನ ಕಥೆ.

"ಸಾಯೋಕೆ ಹತ್ತು ನಿಮಿಷ ಬೇಕಾ?" ಎಂದಳು ಸುಮೇಧಾ.

"ನಮ್ಮ ಕಡೆ ಬೇಕು ಮೇಡಂ. ಹಾಡದೆ ಯಾರೂ ಸಾಯಲ್ಲ."

ಅವನ ತುಟಿಯಂಚಿನಲ್ಲಿ ಸಣ್ಣ ನಗು ಸುಳಿದು ಹೋಯಿತು. ಆಡಬೇಕೆಂದು ಬಂದಿದ್ದ ಜಗಳ ಅವಳಿಗೆ ಮರೆತೇಹೋಯಿತು.

ಅವನ ಹೆಸರು ಉಂಬೆರ್ತೊ ಸಾರ್ತೋರಿ. ಇಟಲಿಯ ಜೆನೋವಾದವನು. ಅಲ್ಲಿನ ಒಪೆರಾ ಮಂದಿರದಲ್ಲಿ ಅವನ ತಾಯಿ ನಟರ ಉಡುಪು ಹೊಲಿಯುತ್ತಿದ್ದಳು. ಬಟ್ಟೆಯ ರಾಶಿಯ ನಡುವೆ ಕೂತು, ತಲೆಯ ಮೇಲಿನ ರಂಗದಿಂದ ಇಳಿದು ಬರುವ ಹಾಡು ಕೇಳುತ್ತ ಅವನು ಬೆಳೆದ. ಹಾಡುವ ಗಂಟಲು ಮಾತ್ರ ದಕ್ಕಲಿಲ್ಲ. ಓದಿ ಬ್ಯಾಂಕು ಸೇರಿದ. ಬ್ಯಾಂಕು ಅವನನ್ನು ಬೆಂಗಳೂರಿಗೆ ಕಳಿಸಿತು. ಕೆಲ ವರ್ಷಗಳ ನಂತರ ಇಲ್ಲಿನ ಕಚೇರಿ ಮುಚ್ಚಿದಾಗ ಜೊತೆಯವರೆಲ್ಲ ವಿಮಾನ ಹತ್ತಿದರು. ಅಷ್ಟರಲ್ಲಿ ಊರಿನಲ್ಲಿ ಅವನ ಮದುವೆ ಮುರಿದಿತ್ತು. ಹೋಗಿ ಮಾಡುವುದೇನೆಂದು ಅವನು ಇಲ್ಲೇ ಉಳಿದ. ಇನ್ನೊಂದು ಬ್ಯಾಂಕಿನಲ್ಲಿ ನಿವೃತ್ತಿಯವರೆಗೂ ದುಡಿದದ್ದನ್ನೆಲ್ಲ ಒಪೆರಾಕ್ಕೆ ಸುರಿದ. ತನ್ನ ದೇಶದಿಂದ ಗುರುಗಳನ್ನು ಕರೆಸಿ ಇಲ್ಲಿನ ಹುಡುಗ ಹುಡುಗಿಯರಿಗೆ ಕಲಿಸಿದ. ವರ್ಷಕ್ಕೊಮ್ಮೆ ಜಯನಗರದಲ್ಲಿ ಹಾಲ್ ಹಿಡಿದು ಆಡಿಸಿದ. ಅರ್ಥವಾಗದ ಭಾಷೆ, ಜನ ಬರುತ್ತಿದ್ದರು, ಅರ್ಧಕ್ಕೇ ಎದ್ದು ಹೋಗುತ್ತಿದ್ದರು.

ಅವಳು ಕನ್ನಡ ಕಲಿಸುವವಳೆಂದು ತಿಳಿದದ್ದೇ, ಈ ಸಲ ರಂಗದ ಮೇಲಿನ ಪರದೆಯಲ್ಲಿ ಹಾಡಿನ ಅರ್ಥ ಕನ್ನಡದಲ್ಲಿ ಮೂಡಬೇಕು, ಅದನ್ನು ನೀವೇ ಬರೆದುಕೊಡಬೇಕು ಎಂದು ಅವನು ಕೇಳಿದ. ಸುಮೇಧಾ ಯೋಚಿಸಿ ಹೇಳುತ್ತೇನೆ ಎಂದಳು. ಮರುದಿನವೇ ಹೋದಳು.

ಅವನು ಒಂದೊಂದೇ ಸಾಲು ಓದಿ, ತಿಳಿದಷ್ಟು ಕನ್ನಡದಲ್ಲಿ ಅರ್ಥ ಹೇಳುವನು. ಅವಳು ಅದಕ್ಕೊಂದು ರೂಪ ಕೊಡುವಳು.

"ನೀನಿಲ್ಲದ ಮನೇಲಿ ದೀಪಕ್ಕೂ ಚಳಿ, ಅಂತಾಳೆ."

"ದೀಪಕ್ಕೆ ಚಳಿ ಆಗತ್ತಾ?"

"ನಿಮಗೆ ಆಗಲ್ವಾ?"

ಸುಮೇಧಾ ಕಣ್ಣು ತಗ್ಗಿಸಿ ಬರೆದಳು, ಹೊಡೆದು ಹಾಕಿದಳು, ಮತ್ತೆ ಅದನ್ನೇ ಬರೆದಳು. ಮದುವೆಯಾದ ಮೂರನೇ ವರ್ಷಕ್ಕೇ ತವರಿಗೆ ಮರಳಿದವಳು ಅವಳು. ನಿನಗೆ ಚಳಿಯಾಗುವುದಿಲ್ಲವೇ ಎಂದು ಅಂದಿನಿಂದ ಯಾರೂ ಕೇಳಿರಲಿಲ್ಲ.

ಅವಳು ಮಾತಾಡುವಾಗ ಅವನು ಅವಳ ತುಟಿಗಳನ್ನೇ ನೋಡುತ್ತಿದ್ದ. ಎಂಥ ನೋಟ ಅದು. ಒಂದು ಅಕ್ಷರವೂ ನೆಲಕ್ಕೆ ಬೀಳದಂತೆ ಆಯ್ದುಕೊಳ್ಳುವ ಹಾಗೆ. ನಲವತ್ತು ದಾಟಿದವಳು, ಮನೆಗೆ ಬಂದು ಕನ್ನಡಿಯಲ್ಲಿ ತನ್ನ ತುಟಿಗಳನ್ನು ತಾನೇ ನೋಡಿಕೊಂಡು ನಾಚಿದಳು.

ಬರೆದು ಮುಗಿದ ದಿನ ಇಬ್ಬರೂ ಹತ್ತಿರದ ಮಿನಿ ಫಾರೆಸ್ಟ್ ಪಾರ್ಕಿನಲ್ಲಿ ನಡೆಯಲು ಹೋದರು. ಮರಗಳ ಕೆಳಗೆ ಮಬ್ಬು ಕವಿದಿತ್ತು. ಸುಮೇಧಾ ನೆಲ ನೋಡುತ್ತಲೇ, ಮೆಲ್ಲಗೆ, "ನಿಮ್ಮನ್ನ ಬಿಟ್ಟು ಇನ್ಮೇಲೆ ಇರೋಕಾಗಲ್ಲ ಅನ್ಸತ್ತೆ ನಂಗೆ," ಎಂದಳು.

ಅವನು ಇನ್ನೂ ಸ್ವಲ್ಪ ದೂರ ನಡೆದ. ಆಮೇಲೆ ತಲೆಯೆತ್ತಿ, "ಮೋಡ ಆಗಿದೆ. ಹೋಗೋಣ್ವಾ?" ಎಂದ.

ಸಭ್ಯ ಮನುಷ್ಯ, ನೋಯಿಸದೆ ಬೇಡವೆಂದ ಎಂದುಕೊಂಡಳು ಸುಮೇಧಾ. ಅಂದಿನಿಂದ ಆ ಮನೆಯ ಕಡೆ ತಲೆ ಹಾಕಲಿಲ್ಲ. ಅವನು ಫೋನಿನಲ್ಲಿ ಬರೆದು ಕಳಿಸಿದ್ದಕ್ಕೆಲ್ಲ ಕೆಲಸವಿದೆ ಎಂದಷ್ಟೇ ಉತ್ತರಿಸಿದಳು. ಹಿಂದಿನ ಮನೆಯ ಹಾಡು ಮಾತ್ರ ದಿನದಿಂದ ದಿನಕ್ಕೆ ಜೋರಾಗುತ್ತಲೇ ಹೋಯಿತು. ಅಪ್ಪನ ಕೋಣೆಯ ಕಿಟಕಿ ಮುಚ್ಚಿ, ಅವಳು ಇನ್ನೊಂದು ಕೋಣೆಯಲ್ಲಿ ದಿಂಬಿಗೆ ಮುಖ ಒತ್ತಿ ಮಲಗುತ್ತಿದ್ದಳು.

ಒಂದು ಭಾನುವಾರ ಶ್ವೇತಾ ಮನೆಗೆ ಬಂದಳು. ಆ ಹಾಡುವ ಹುಡುಗಿಯೇ. ಬಾಗಲಕೋಟೆ ಕಡೆಯವಳು, ಬಿಟಿಎಂ ಬಡಾವಣೆಯಲ್ಲಿ ರೂಮು ಮಾಡಿಕೊಂಡು, ಆಫೀಸಿನ ಬೆಳಗಿನ ಶಿಫ್ಟ್ ಮುಗಿಸಿ ಹಾಡಲು ಬರುತ್ತಿದ್ದಳು. ಕಾಫಿ ಲೋಟ ಕೆಳಗಿಟ್ಟು ಹೇಳಿದಳು:

"ಅಕ್ಕಾ, ಸರ್‌ಗೆ ಕಿವಿ ಕೇಳ್ಸವಲ್ದು. ನಿನ್ನೆ ನಾ ಶ್ರುತಿ ತಪ್ಪಿದ್ನಿ, ಭಾಳ ತಪ್ಪಿದ್ನಿ. ಅವ್ರು ಕಣ್ಣು ಮುಚ್ಚಿ ಛಲೋ ಆತು ಅಂದ್ರು."

ಸುಮೇಧಾ ಹೋದಾಗ ಅವನು ಸ್ಪೀಕರಿನ ಮೇಲೆ ಅಂಗೈ ಇಟ್ಟು ಕೂತಿದ್ದ. ಹಾಡು ಮನೆಯನ್ನೇ ನಡುಗಿಸುತ್ತಿತ್ತು. ಅವಳು ಸ್ವಿಚ್ ಆರಿಸಿ ಎದುರಿಗೆ ಬಂದು ನಿಂತಳು.

ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ. ಬಲಗಿವಿ ಬಾಲ್ಯದ ಜ್ವರದಲ್ಲೇ ಹೋಗಿತ್ತು. ಇಷ್ಟು ವರ್ಷ ಕೇಳಿದ್ದೆಲ್ಲ ಎಡಗಿವಿಯೊಂದರಲ್ಲೇ. ಅದೂ ಎರಡು ವರ್ಷದಿಂದ ಕೈಕೊಡುತ್ತಿದೆ. ಆಪರೇಷನ್ ಮಾಡಿ ಒಳಗೊಂದು ಯಂತ್ರ ಕೂರಿಸಿದರೆ ಮಾತು ಮರಳೀತು. ಸಂಗೀತ ಮಾತ್ರ ಮರಳುವ ಭರವಸೆಯಿಲ್ಲ, ಈಗ ಅಷ್ಟಿಷ್ಟು ಕೇಳುತ್ತಿರುವುದೂ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ತಡಮಾಡಿದಷ್ಟೂ ಆಪರೇಷನ್ನಿನ ಫಲ ಕಡಿಮೆ ಎಂದೂ ಹೇಳಿದ್ದರು. ಅವನು ತಡಮಾಡುತ್ತ ಬಂದಿದ್ದ.

"ನಷ್ಟ ಬೇಗ ಒಪ್ಪಿಕೊಂಡೋನು ಉಳೀತಾನೆ ಅಂತ ಬ್ಯಾಂಕಲ್ಲಿ ಎಲ್ಲರಿಗೂ ಬುದ್ಧಿ ಹೇಳ್ತಿದ್ದೆ," ಎಂದ. "ನಂಗೇ ಆಗಲಿಲ್ಲ."

ಸುಮೇಧಾಳ ಎದೆಯಲ್ಲಿ ಚುಚ್ಚಿದ್ದು ಬೇರೆ. "ಹಾಗಾದ್ರೆ ನನ್ನ ತುಟಿ ನೋಡ್ತಾ ಇದ್ದಿದ್ದು ಮಾತು ತಿಳ್ಕೊಳ್ಳೋಕಾ?"

ಅವನು ಅವಳ ತುಟಿಯನ್ನೇ ನೋಡಿ ಅದನ್ನೂ ತಿಳಿದುಕೊಂಡ. "ಮೊದಮೊದಲು ಹೌದು," ಎಂದ. "ಆಮೇಲೆ ಸುಮ್ನೆ."

ಆಗ ಅವಳು ಅಳುತ್ತಲೇ, ಮಿನಿ ಫಾರೆಸ್ಟಿನಲ್ಲಿ ಹೇಳಿದ್ದ, ಅವನಿಗೆ ಕೇಳಿಸದೇ ಹೋಗಿದ್ದ ಮಾತನ್ನು ಒಂದೊಂದೇ ಪದವಾಗಿ ಮತ್ತೆ ಹೇಳಿದಳು. ಉಂಬೆರ್ತೊ ಮುಖ ಮುಚ್ಚಿಕೊಂಡ. ಅವಳು ಅವನ ಕೈಗಳನ್ನು ಬಿಡಿಸಿದಳು; ಮುಖ ಮುಚ್ಚಿಕೊಂಡರೆ ಅವನಿಗೆ ಏನು ಹೇಳಿಯೂ ಪ್ರಯೋಜನವಿರಲಿಲ್ಲ. ಆಪರೇಷನ್ ಮಾಡಿಸಿಕೊಳ್ಳಿ ಎಂದು ಬೇಡಿದಳು. ಅವನು ತಕ್ಷಣ ಒಪ್ಪಲಿಲ್ಲ. ಈ ಒಂದು ಪ್ರದರ್ಶನ ಕಳೆಯಲಿ ಎಂದ. ಸಂಗೀತವನ್ನೂ ತನ್ನನ್ನೂ ತಕ್ಕಡಿಗಿಟ್ಟು ಕೇಳುವ ಧೈರ್ಯ ಸುಮೇಧಾಳಿಗೆ ಬರಲಿಲ್ಲ.

ಪ್ರದರ್ಶನದ ದಿನ ಜನ ಎದ್ದು ಹೋಗಲಿಲ್ಲ. ದೀಪಕ್ಕೂ ಚಳಿ ಎಂಬ ಸಾಲು ಪರದೆಯ ಮೇಲೆ ಮೂಡಿದಾಗ ಸಭಾಂಗಣದಲ್ಲಿ ಅಲ್ಲಲ್ಲಿ ಮೂಗೊರೆಸುವ ಸದ್ದಾಯಿತು. ಮುಂದಿನ ಕುರ್ಚಿಸಾಲಿನಲ್ಲಿ ಉಂಬೆರ್ತೊ ಕೊರಳು ಮುಂದೆ ಚಾಚಿ, ಕತ್ತಲಲ್ಲಿ ಕಳೆದದ್ದನ್ನು ಹುಡುಕುವವನಂತೆ ಕೂತಿದ್ದ. ಎಲ್ಲ ಮುಗಿದ ಮೇಲೆ ಸುಮೇಧಾ ಹತ್ತಿರ ಹೋದಳು. ಅವಳು ಕೇಳುವ ಮೊದಲೇ, "ಕೊನೆ ಹಾಡಲ್ಲಿ ಸ್ವಲ್ಪ ಬಂತು. ಒಂದೆರಡು ಸ್ವರ," ಎಂದ. "ಸೋಮವಾರ ಆಸ್ಪತ್ರೆಗೆ ಹೋಗೋಣ."

ಆಪರೇಷನ್ ಆಯಿತು. ಗಾಯ ಮಾಗಿದ ಮೇಲೆ ಯಂತ್ರ ಚಾಲೂ ಮಾಡಿದ ದಿನ, ಮೊದಲು ನೀವೇ ಮಾತಾಡಿ ಎಂದು ಆಸ್ಪತ್ರೆಯವರು ಸುಮೇಧಾಳಿಗೆ ಹೇಳಿದರು. ಅವಳು ಅವನ ಹೆಸರು ಹಿಡಿದು ಕರೆದಳು. ಅವನು ಬೆಚ್ಚಿ ಹಿಂದೆ ಸರಿದ. ತಗಡಿನ ಮೇಲೆ ಕಲ್ಲು ಎಳೆದ ಹಾಗಿದೆ ಎಂದು ಹೇಳಿ, ತಪ್ಪು ಮಾಡಿದವನಂತೆ ಅವಳ ಕೈ ಹಿಡಿದುಕೊಂಡ. ಅವಳು ನಕ್ಕಳು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತಳು.

ಆಮೇಲೆ ದಿನವೂ ಕಾಲೇಜು ಮುಗಿಸಿ ಬಂದು ಅವನೆದುರು ಪತ್ರಿಕೆ ಓದುವುದೇ ಅವಳ ಕೆಲಸವಾಯಿತು. ಕೇಳಿ ಕೇಳಿಯೇ ಮಿದುಳು ಮತ್ತೆ ಕಲಿಯಬೇಕು. ತಿಂಗಳುಗಳು ಕಳೆದವು. ತಗಡಿನ ಸದ್ದು ಮೆಲ್ಲನೆ ಮಾತಾಯಿತು. ಮೊದಲು ಕೇಳಿದ್ದ ಸುಮೇಧಾಳ ದನಿಯಲ್ಲ ಅದು, ಯಾರೋ ಒಬ್ಬ ಹೆಂಗಸಿನದು, ಆದರೂ ದನಿ.

ಶ್ವೇತಾಳಿಗೆ ಇಟಲಿಯ ಸಂಗೀತ ಶಾಲೆಯೊಂದರಲ್ಲಿ ಸೀಟು ಸಿಕ್ಕಿತು. ಹೊರಡುವ ಮುನ್ನ ಬಂದು ಅವನ ಕಾಲಿಗೆ ನಮಸ್ಕರಿಸಿ, ಎದುರು ನಿಂತು ಒಂದು ಹಾಡು ಹಾಡಿದಳು. ಉಂಬೆರ್ತೊ ನೆಟ್ಟಗೆ ಕೂತು ಕೊನೆಯವರೆಗೂ ಅವಳ ಮುಖ ನೋಡಿದ. ಚಪ್ಪಾಳೆ ತಟ್ಟಿದ. ಅವಳು ಹೋದ ಮೇಲೆ ಕುರ್ಚಿಯಲ್ಲಿ ಕುಸಿದ.

"ಏನಾದ್ರೂ ಬಂತಾ?" ಎಂದಳು ಸುಮೇಧಾ.

"ಪಾತ್ರೆಗಳು ಬಿದ್ದ ಹಾಗೆ."

ಅವಳು ಅವನ ಪಕ್ಕ ಕೂತು, ಆಪರೇಷನ್ ಮಾಡಿಸಿಕೊಂಡದ್ದಕ್ಕೆ ಬೇಸರವಿದೆಯೇ ಎಂದು ಕೇಳಿದಳು. ಉತ್ತರ ಬೇಡವೆಂದೂ ಅವಳಿಗೆ ಒಳಗೊಳಗೇ ಅನಿಸಿತು.

"ದಿನಾ ಆಗತ್ತೆ. ನಿನ್ನ ಹತ್ರ ಸುಳ್ಳು ಹೇಳಲ್ಲ."

ಅವನು ಅವಳನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ನೋವಿನ ಮಾತಿನೊಳಗೆ ಕೂತು ಬಂದ ಆ ಸಲುಗೆಯನ್ನು ಹೇಗೆ ಹಿಡಿದುಕೊಳ್ಳಬೇಕೋ ಸುಮೇಧಾಳಿಗೆ ತಿಳಿಯಲಿಲ್ಲ.

"ಆದ್ರೆ ಗೇಟು ಸದ್ದಾದ್ರೆ ನೀನೇ ಬಂದೆ ಅಂತ ಈಗ ಗೊತ್ತಾಗತ್ತೆ," ಎಂದ ಅವನು. "ಕೂತಲ್ಲೇ ಗೊತ್ತಾಗತ್ತೆ."

ಹೇಳಿ ಕಣ್ಣು ಮುಚ್ಚಿಕೊಂಡ. ತುಟಿ ನೋಡುವ ಹಂಗಿಲ್ಲದೆ ಕಾದು ಕೂತ. ಸುಮೇಧಾ ಅವನ ಬೆನ್ನ ಹಿಂದೆ ಹೋಗಿ ನಿಂತಳು.

"ಇಲ್ಲೇ ಇದ್ದುಬಿಡ್ತೀನಿ," ಎಂದಳು, ಪಿಸುಮಾತಿಗಿಂತ ಚೂರೇ ಜೋರಾಗಿ.

"ಇನ್ನೊಂದ್ಸಲ ಹೇಳು."

"ಕೇಳಿಸ್ಲಿಲ್ವಾ?"

"ಕೇಳಿಸ್ತು," ಎಂದ ಉಂಬೆರ್ತೊ. "ಅದಕ್ಕೇ."