ಉಗುರಿನ ಗುರುತು

"ಒಂದೇ ಒಂದು ಎಲೆ ಉದುರಿಲ್ಲ ನೋಡಿ! ನೀವು ಬಿಟ್ಟು ಹೋದ ಹಾಗೇ ಇದಾನೆ ನಿಮ್ಮ ಕುಂಭಕರ್ಣ!"

ಎದುರುಮನೆಯವನು ಮಣ್ಣಿನ ಕುಂಡವನ್ನು ಎರಡೂ ಕೈಯಲ್ಲಿ ಹಿಡಿದು, ಬಹುಮಾನ ಕೊಡಲು ಬಂದವನಂತೆ ಅವಳ ಬಾಗಿಲಲ್ಲಿ ನಿಂತಿದ್ದ. ಅವಳಿನ್ನೂ ಚಪ್ಪಲಿ ಬಿಚ್ಚಿರಲಿಲ್ಲ. ಅಜ್ಜಿಯ ಚೀಲ, ತನ್ನ ಚೀಲ ಎರಡೂ ಹೆಗಲಲ್ಲೇ ನೇತಾಡುತ್ತಿದ್ದವು.

ನಗುತ್ತಲೇ ಕೈ ಚಾಚಿದಳು. ಬಸ್ಸಿನ ಕಿಟಕಿಗೆ ತಲೆಯಾನಿಸಿಕೊಂಡು ದಾರಿಯುದ್ದಕ್ಕೂ ಒಂದೇ ಮಾತನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದಳು... 'ಹೂಂ, ನನಗೂ ಒಪ್ಪಿಗೆ.'

ಅಕ್ಕನ ಹೆರಿಗೆಗೆಂದು ಹೊರಟ ದಿನ ಮದುವೆಯ ಬಗ್ಗೆ ಅವನು ಕೇಳಿದ್ದ ಪ್ರಶ್ನೆಗೆ ಅದು ಉತ್ತರ. "ಅವಸರ ಏನಿಲ್ಲ, ಬಂದ ಮೇಲೆ ಹೇಳಿ" ಅಂದಿದ್ದ. ಅಂದವನ ಕಿವಿ ಕೆಂಪಗಾಗಿತ್ತು.

ಹೇಳಿಬಿಡಬೇಕು. ಈಗಲೇ... ಅಜ್ಜಿ ಮೆಟ್ಟಿಲು ಹತ್ತಿ ಬರುವುದರೊಳಗೆ!

ಆದರೆ ಕುಂಡ ಕೈಗೆ ಬಂತು, ನಗು ಅಲ್ಲೇ ನಿಂತಿತು.

ಇಷ್ಟೊಂದು ಎಲೆಯೇ?

ಗುಂಡುಕಲ್ಲಿನಂಥ ಬುಡ, ನೆತ್ತಿಯ ಮೇಲೆ ನಾಲ್ಕು ಮೋಟು ಕೊಂಬೆ. ನೋಡಲು ಅಂಥ ಚಂದವೇನೂ ಇಲ್ಲದ, ಹುಡುಕಿದರೂ ಸುಲಭಕ್ಕೆ ಸಿಗದ ಗಿಡ ಅದು. ಬೇಸಿಗೆ ಕಾಲಿಟ್ಟಿತೆಂದರೆ ಎಲೆಯೆಲ್ಲ ಉದುರಿಸಿ, ಬುಡದಲ್ಲಿ ತುಂಬಿಟ್ಟುಕೊಂಡ ನೀರನ್ನೇ ನಂಬಿ, ಬಿಸಿಲು ಇಳಿಯುವ ತನಕ ಸತ್ತಂತೆ ಮಲಗಿಬಿಡುತ್ತದೆ. ಆ ನಿದ್ದೆ ನೋಡಿಯೇ ಅವಳು ಕುಂಭಕರ್ಣ ಎಂದು ಹೆಸರಿಟ್ಟಿದ್ದು. ಈಗ ನಡುಬೇಸಿಗೆ. ಗೊರಕೆ ಹೊಡೆಯಬೇಕಾದವನು ಹಸಿರು ಹಸಿರಾಗಿ ಎದ್ದು ಕೂತಿದ್ದಾನೆ!

ಅಭ್ಯಾಸಬಲದಿಂದ ಅವಳ ಹೆಬ್ಬೆರಳು ಬುಡದ ಎಡಮಗ್ಗುಲಿಗೆ ಹೋಯಿತು. ಅಲ್ಲೊಂದು ಗುರುತಿತ್ತು, ಅವಳದೇ ಉಗುರಿನ ಗುರುತು.

ಹಿಂದೊಮ್ಮೆ ಅವಳ ಮದುವೆ ನಿಶ್ಚಯವಾಗಿತ್ತು. ಆ ಹುಡುಗ ಒಂದು ಮಧ್ಯಾಹ್ನ ಫೋನ್ ಮಾಡಿ, "ನನ್ನ ಮನಸಲ್ಲಿ ಬೇರೆ ಒಬ್ಬಳಿದಾಳೆ. ನಿನಗೆ ನೋವಾಗಬಾರದು ಅಂತ ಇಷ್ಟು ದಿನ ಹೇಳಲಿಲ್ಲ" ಅಂದಾಗ ಕೈಯಲ್ಲಿ ಇದೇ ಗಿಡವಿತ್ತು. ಅವನು ಮಾತು ಮುಗಿಸುವ ಹೊತ್ತಿಗೆ ಹೆಬ್ಬೆರಳಿನ ಉಗುರು ಬುಡದೊಳಗೆ ಇಳಿದಿತ್ತು. ಇಂಥ ಗಿಡಗಳ ಗಾಯ ಒಣಗುತ್ತದೆ, ಅಳಿಯುವುದಿಲ್ಲ. ಆಮೇಲೆ ಮನಸ್ಸು ಕೆಟ್ಟಾಗಲೆಲ್ಲ ಆ ಗುರುತಿನಲ್ಲಿ ಹೆಬ್ಬೆರಳಿಟ್ಟು ಸುಮ್ಮನೆ ಕೂರುತ್ತಿದ್ದಳು. ಅಳತೆ ಕೊಟ್ಟು ಹೊಲಿಸಿದಂತೆ ಸರಿಯಾಗಿ ಕೂರುತ್ತಿತ್ತು.

ಇವತ್ತು ಕೂರಲಿಲ್ಲ!

ಗುರುತೇನೋ ಇತ್ತು. ಅದೇ ಜಾಗ, ಅದೇ ಅರ್ಧಚಂದ್ರ. ಆದರೆ ಅಂಚು ತೀರಾ ನುಣುಪು. ಒಣಗಿದ ಕಂದು ಬಣ್ಣ ಇರಬೇಕಾದಲ್ಲಿ ಎಳೆ ಹಸಿರು.

"ಇದು ನಂದಲ್ಲ."

"ಅಯ್ಯೋ, ನಿಮ್ದೇ ಕಣ್ರೀ! ಬೇಕಾದ್ರೆ ಗುರುತು ನೋಡಿ..."

"ಕನ್ನಡಕದ ಅಂಗಡೀಲಿ ಲೆನ್ಸ್ ಉಜ್ಜೋಳು ನಾನು. ಕೂದಲೆಳೆ ವ್ಯತ್ಯಾಸ ಹುಡುಕೋದೇ ನನ್ನ ಕೆಲಸ. ನಿಜ ಹೇಳಿ."

ಅವನ ಮುಖದ ನಗು ಮೆಲ್ಲಗೆ ಇಳಿಯಿತು.

"ಅದು... ಉಳಿಸಿಕೊಳ್ಳೋಕೆ ಆಗ್ಲಿಲ್ಲ. ಇದನ್ನ ನರ್ಸರಿಯಿಂದ ತಂದೆ. ಎಲ್ಲೆಲ್ಲಿ ಹುಡುಕಿದೆ ಗೊತ್ತಾ..."

"ಈ ಗಾಯ?"

"ಅದು... ನಾನೇ. ಮೇಣ ಕೆತ್ತೋ ಚಾಕು ಇದೆಯಲ್ಲ, ಅದ್ರಲ್ಲಿ..."

"ಇದು ಯಾವ ಗಾಯ ಅಂತ ನಿಮಗೆ ಹೇಳಿದ್ದೆ ನಾನು. ನಿಮಗೆ ಮಾತ್ರ ಹೇಳಿದ್ದೆ!"

"ನಿಮಗೆ ನೋವಾಗಬಾರದು ಅಂತ..."

ಅದೇ ಮಾತು! ಅವತ್ತು ಫೋನಿನಲ್ಲಿ ಕೇಳಿದ ಅದೇ ಮಾತು! ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ಹಲ್ಲು ಕಟ್ಟೋ ಕಸುಬು ನಿಮ್ದು. ನಕಲನ್ನ ಅಸಲಿನ ಥರ ಕಾಣೋ ಹಾಗೆ ಮಾಡೋದು ಕೈಗೆ ಕೂತಿದೆ. ಆದ್ರೆ ನನ್ನ ಗಾಯಾನೂ ನಕಲು ಮಾಡಿಬಿಟ್ರಲ್ಲಾ..."

"ಒಂದು ನಿಮಿಷ ನನ್ನ ಮಾತು ಕೇಳಿ..."

ಬಾಗಿಲು ದಡಾರನೆ ಮುಚ್ಚಿತು. ಸರಿಯಾಗಿ ಅದೇ ಗಳಿಗೆಗೆ ಕೊನೆಯ ಮೆಟ್ಟಿಲು ಹತ್ತಿ ಬಂದ ಅಜ್ಜಿ ಏದುಸಿರು ಬಿಡುತ್ತ ಕೇಳಿದಳು, "ಏನೋ ಹಲ್ಲಪ್ಪಾ, ಅವಳು ಬಾಗಿಲು ಹಾಕಿದ್ದು ನಿನ್ನ ಮುಖಕ್ಕೋ ನನ್ನ ಮುಖಕ್ಕೋ?"

*

ಹಲ್ಲಪ್ಪ ಎಂಬ ಹೆಸರು ಅಜ್ಜಿ ಇಟ್ಟದ್ದು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸಿದರೆ, ಅದಕ್ಕೆ ತಕ್ಕ ಹಲ್ಲಿನ ಸೆಟ್ಟು ಮಾಡುವವನು ಅವನು. ಎದುರುಮನೆಯ ಅಜ್ಜಿ ಎಂಬ ಸಲಿಗೆಗೆ ಸೆಟ್ಟನ್ನು ತಾನೇ ಮನೆಗೆ ತಂದುಕೊಟ್ಟಿದ್ದ. ಅಜ್ಜಿ ಕನ್ನಡಿ ಮುಂದೆ ಹಲ್ಲು ಕಿರಿಯುತ್ತ ನಿಂತಿದ್ದಾಗ ಅವನ ಕಣ್ಣು ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿದ್ದ ಅವಳ ಕುಂಡಗಳತ್ತ ಹೋಗಿತ್ತು.

"ಇವು ಕಲ್ಲಾ, ಗಿಡಾನಾ?"

"ಗಿಡ. ಕಲ್ಲಿನ ವೇಷ ಹಾಕಿವೆ, ಪ್ರಾಣಿಗಳು ತಿನ್ನಬಾರದು ಅಂತ."

"ಒಳ್ಳೆ ಕಿಲಾಡಿಗಳು! ಅದ್ರ ಸಂದೀಲಿ ಬೆಳ್ಳಗೆ ಇದೆಯಲ್ಲ, ಅದೂ ವೇಷಾನಾ?"

ಅಲ್ಲ, ಅದು ಗಿಡದ ರಸ ಹೀರುವ ಹಿಟ್ಟು ತಿಗಣೆ. ಅವಳು ಗಾಬರಿಬಿದ್ದಳು. ಅವನು ಜೇಬಿನಿಂದ ತುದಿ ಬಾಗಿದ ಸಣ್ಣ ಸಲಾಕೆಯೊಂದನ್ನು ತೆಗೆದ. ಇಬ್ಬರೂ ಕಿಟಕಿಯ ಬಳಿ ತಲೆಗೆ ತಲೆ ತಾಗಿಸಿ ಕೂತು, ಹಲ್ಲಿನ ಸಂದಿ ಕೆರೆದಂತೆ ಒಂದೊಂದೇ ತಿಗಣೆ ಕಿತ್ತರು. ಅಂದಿನಿಂದ ಅವನು ವಾರಕ್ಕೊಮ್ಮೆ 'ಗಿಡಗಳ ಬಾಯಿ ನೋಡಲು' ಬರತೊಡಗಿದ. ಕುಂಡದ ಮಣ್ಣಿಗೆ ದಪ್ಪ ಮರಳು, ಜಲ್ಲಿಚೂರು ಬೆರೆಸುವುದು ಕಲಿತ. ನೀರಿನ ಚೊಂಬು ಎತ್ತಿಕೊಳ್ಳುವ ಮೊದಲು ಬೆರಳಿಟ್ಟು ಮಣ್ಣು ನೋಡುವುದು ಕಲಿತ.

ಊರಿಗೆ ಹೊರಟಾಗ ಮನೆಯ ಕೀಲಿಕೈ ಅವನ ಕೈಗೇ ಕೊಟ್ಟಿದ್ದಳು. ಅಕ್ಕನಿಗೆ ಎಣಿಸಿದ್ದಕ್ಕಿಂತ ಮೊದಲೇ ನೋವು ಬಂದಿತ್ತು, ಅಜ್ಜಿ ಕೆಳಗಿನಿಂದ "ಆಟೋ ನಿಂತಿದೆ ಪುಟ್ಟೀ!" ಎಂದು ಕೂಗುತ್ತಿದ್ದಳು. ಮೆಟ್ಟಿಲಿಳಿಯುತ್ತಲೇ ಅವಳು ಹೇಳಿದ್ದು ಒಂದೇ ಮಾತು, "ಅನುಮಾನ ಬಂದ್ರೆ ನೀರು ಹಾಕಬೇಡಿ!"

*

ಊರಿಂದ ಬಂದ ಮರುದಿನ ಕನ್ನಡಕದ ಅಂಗಡಿಯಲ್ಲಿ ಕೂತು ಯಾರದೋ ಲೆನ್ಸ್ ಒರೆಸುತ್ತಿದ್ದಾಗ ಆ ಯೋಚನೆ ಬಂತು. ಕೈ ಹಾಗೇ ನಿಂತಿತು.

ಆ ಗಿಡ ಬೇಸಿಗೆಯಲ್ಲಿ ಮಲಗುತ್ತದೆ ಎಂದು ಅವನಿಗೆ ಹೇಳಿದ್ದೆನಾ?

ಮರಳಿನ ಬಗ್ಗೆ ಹೇಳಿದ್ದೆ. ಬಿಸಿಲಿನ ಬಗ್ಗೆ, ತಿಗಣೆಯ ಬಗ್ಗೆ, ನನ್ನ ಗಾಯದ ಬಗ್ಗೆ ಕೂಡ ಹೇಳಿದ್ದೆ. ನಿದ್ದೆಯ ಬಗ್ಗೆ...?

ಇಲ್ಲ. ಹೇಳೇ ಇಲ್ಲ!

ಹಾಗಾದರೆ ಎಲೆ ಉದುರಿದ್ದನ್ನು ನೋಡಿ ಸತ್ತೇಹೋಯಿತು ಅಂದುಕೊಂಡನೇ? ಬದುಕಿದ್ದ ಗಿಡವನ್ನು ಕಸದ ಗಾಡಿಗೆ ಹಾಕಿಬಿಟ್ಟನೇ? ಓಡಿಹೋಗಿ ಕೇಳೋಣ ಅನ್ನಿಸಿತು. 'ಕೇಳಿದರೆ ಮತ್ತೊಂದು ಚಂದದ ಸುಳ್ಳು ಹೇಳಿದರೆ?' ಅನ್ನಿಸಿತು. ಕೇಳಲಿಲ್ಲ.

ಮೆಟ್ಟಿಲಲ್ಲಿ ಎದುರಾದರೆ ಅವನು ಗೋಡೆಗೆ ಸರಿದು ದಾರಿ ಬಿಡುತ್ತಿದ್ದ. ಅವಳು ತಲೆ ತಗ್ಗಿಸಿ ಹೋಗುತ್ತಿದ್ದಳು. ಅವನು ತಂದುಕೊಟ್ಟ ಗಿಡವನ್ನು ಎಸೆಯಲಾಗದೆ ಕಟ್ಟೆಯ ತುದಿಗೆ ತಳ್ಳಿಟ್ಟಿದ್ದಳು. ಅದು ಏನು ತಪ್ಪು ಮಾಡಿದೆ, ಪಾಪ!

ಇಬ್ಬರನ್ನೂ ಸುಮ್ಮನೆ ನೋಡುತ್ತಿದ್ದ ಅಜ್ಜಿಗೆ ಒಂದು ಬೆಳಿಗ್ಗೆ ಸಾಕಾಯಿತು.

"ನಡಿ ಪುಟ್ಟೀ, ಹಲ್ಲಪ್ಪನ ಲ್ಯಾಬಿಗೆ. ಕೆಳಗಿನ ಸೆಟ್ಟು ಒಸಡು ಕೊರೀತಿದೆ. ಮಾತಾಡಿದ್ರೆ ಟಕ್ ಟಕ್ ಅಂತ ಕುದುರೆ ಓಡಿದ ಹಾಗಾಗುತ್ತೆ. ನಿಮ್ಮಕ್ಕನ ಮಗು ಬೆಚ್ಚಿಬೀಳ್ತಿತ್ತು!"

"ನೀವೇ ಹೋಗಿಬನ್ನಿ ಅಜ್ಜಿ."

"ರಸ್ತೆ ದಾಟೋವಾಗ ಯಾರ ಕೈ ಹಿಡೀಲಿ? ಹಲ್ಲಿನ ಕೈಯಾ?"

*

ಲ್ಯಾಬ್ ಎಂದರೆ ಒಂದೇ ಕೋಣೆ. ಗೋಡೆಯ ತುಂಬ ಹಲಗೆ, ಹಲಗೆಯ ತುಂಬ ಬಿಳಿ ಪ್ಲಾಸ್ಟರಿನ ದವಡೆಗಳು. ಊರಿನ ಅರ್ಧ ಜನ ಬಾಯಿ ತೆರೆದು ನಗುತ್ತಿರುವಂತೆ ಕಾಣುತ್ತಿತ್ತು. ಕಾಯಿಸಿದ ಮೇಣದ ವಾಸನೆ.

ಅವಳನ್ನು ನೋಡಿ ಅವನು ಎದ್ದು ನಿಂತ. ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅಜ್ಜಿ ಹಲ್ಲು ಕಳಚಿ ಅವನ ಕೈಗಿಟ್ಟಾಗಿತ್ತು.

"ವಯಸ್ಸಾಯ್ತಲ್ಲೋ, ನನ್ನ ಒಸಡೇ ಸವೆದಿರಬೇಕು" ಅಂದಳು, ಬೊಚ್ಚುಬಾಯಲ್ಲಿ.

ಅವನು ಸೆಟ್ಟನ್ನು ಬೆಳಕಿಗೆ ಹಿಡಿದ. 'ಹೌದಜ್ಜಿ' ಎಂದುಬಿಟ್ಟಿದ್ದರೆ ಮುಗಿದಿತ್ತು. ಅವನು ಅನ್ನಲಿಲ್ಲ.

"ಇಲ್ಲ ಅಜ್ಜಿ. ತಪ್ಪು ನಂದು. ಕೆಳಗಿನ ಸಾಲನ್ನ ಸ್ವಲ್ಪ ಎತ್ತರ ಕೂರಿಸಿದೀನಿ. ನೀವು ಹೊರಡೋ ಮೊದಲೇ ನನಗೆ ಅನುಮಾನ ಬಂದಿತ್ತು. ಹಾಕ್ಕೊಂಡು ಹಾಕ್ಕೊಂಡು ಸರಿಹೋಗುತ್ತೆ ಅಂತ ಸುಮ್ಮನಿದ್ದೆ. ಹೇಳಬೇಕಿತ್ತು. ಹೊಸದು ಮಾಡ್ಕೊಡ್ತೀನಿ."

"ಅಯ್ಯೋ ನಿನ್ನ! ದೊಡ್ಡ ಮೊಮ್ಮಗಳ ಮನೇಲಿ ಎಲ್ಲರ ಮುಂದೆ ಟಕ್ ಟಕ್ ಅಂದ್ಕೊಂಡು ಓಡಾಡಿದೀನಲ್ಲೋ!" ಅಜ್ಜಿ ಬೈದಳು. ಬೈದವಳು ಮೊಮ್ಮಗಳ ಕಡೆ ಓರೆನೋಟ ಬೀರಿ, "ಇಲ್ಲೇ ಕೂತಿರು, ನಾನು ಆಚೆ ಗಾಳೀಲಿರ್ತೀನಿ" ಎನ್ನುತ್ತ ಹೊರಗಿನ ಬೆಂಚಿಗೆ ನಡೆದಳು.

ಅವಳು ಎಲ್ಲಿ ನೋಡಬೇಕೆಂದು ತಿಳಿಯದೆ ಕಿಟಕಿಯ ಕಡೆ ತಿರುಗಿದಳು.

ದವಡೆಗಳ ಸಾಲಿನ ನಡುವೆ, ಬೆಳಕು ಬೀಳುವ ಕಡೆ ಒಂದು ಮಣ್ಣಿನ ಕುಂಡ. ಅದರಲ್ಲಿ ಬೋಳು ಬೋಳಾದ, ಒಂದೂ ಎಲೆಯಿಲ್ಲದ, ಗುಂಡುಕಲ್ಲಿನಂಥದ್ದೊಂದು...

ಓಡಿದಂತೆ ಹೋದಳು. ಹೆಬ್ಬೆರಳು ಎಡಮಗ್ಗುಲಿಗೆ ಹೋಯಿತು. ಒಣಗಿದ, ಒರಟು, ಕಂದು ಗುರುತು. ಉಗುರು ಒಳಗೆ ಇಳಿದು ಕೂತಿತು!

"ಬಿಸಾಕೋಕೆ ಕೈ ಬರಲಿಲ್ಲ" ಹಿಂದಿನಿಂದ ಅವನ ದನಿ. "ಸತ್ತುಹೋಗಿದೆ ಅಂತ ಗೊತ್ತಿದ್ರೂ..."

"ನೀರು ಹಾಕಿದ್ರಾ?"

"ಚೊಂಬು ಎಷ್ಟು ಸಲ ಎತ್ತಿದೆನೋ! ಅನುಮಾನ ಬಂದ್ರೆ ಹಾಕಬೇಡಿ ಅಂದಿದ್ರಲ್ಲ... ದಿನಾ ಅನುಮಾನಾನೇ ಬರ್ತಿತ್ತು. ಹಾಕಲೇ ಇಲ್ಲ."

"ಇಲ್ಲಿ ಬನ್ನಿ. ಒತ್ತಿ ನೋಡಿ."

ಅವನು ಹೆದರುತ್ತ ಬೆರಳಿಟ್ಟ.

"ಹೇಗಿದೆ?"

"ಗಟ್ಟಿ."

"ಸತ್ತಿದ್ರೆ ಮೆತ್ತಗಾಗಿ ಕೊಳೀತಿತ್ತು. ಇವನು ಮಲಗಿದಾನೆ ಅಷ್ಟೆ! ಪ್ರತಿ ಬೇಸಿಗೆಯೂ ಮಲಗ್ತಾನೆ. ಕುಂಭಕರ್ಣ ಅಂತ ಮತ್ಯಾಕೆ ಹೆಸರಿಟ್ಟೆ ಅಂದ್ಕೊಂಡ್ರಿ?"

ಅವನು ಪೆಚ್ಚಾಗಿ ಕುಂಡ ನೋಡಿದ, ಅವಳನ್ನು ನೋಡಿದ. "ನಾನು... ಹೊಟ್ಟೆ ನೋಡಿ ಇಟ್ಟಿದೀರ ಅಂದ್ಕೊಂಡೆ."

ಅವಳಿಗೆ ನಗು ಬಂತು. ಎಲ್ಲಿತ್ತೋ ಏನೋ, ನಗುವಿನ ಹಿಂದೆಯೇ ಅಳುವೂ ನುಗ್ಗಿ ಬಂತು. ಸುತ್ತಲಿನ ದವಡೆಗಳೆಲ್ಲ ಹಲ್ಲು ಬಿಟ್ಟುಕೊಂಡು ನೋಡುತ್ತಿದ್ದವು.

"ಹೇಳದೆ ಹೋಗಿದ್ದು ನನ್ನ ತಪ್ಪು" ಕಣ್ಣೊರೆಸಿಕೊಂಡಳು. "ಆದ್ರೆ ನೀವು... ಒಂದು ಫೋನ್ ಮಾಡಿದ್ರೆ ಆಗ್ತಿತ್ತು. ಎಲೆ ಉದುರ್ತಿದೆ ಅಂತ ಒಂದು ಮಾತು! ಗಿಡ ಬದುಕಿದೆ ಸರಿ. ಹೇಳಿದ ಸುಳ್ಳು ಸುಳ್ಳೇ ತಾನೆ?"

"ಹೌದು."

ಅವನು ಮೇಣದ ಚಾಕುವನ್ನು ಮೇಜಿನ ಮೇಲಿಟ್ಟು, ಕೈ ಒರೆಸಿಕೊಂಡ. ಆಮೇಲೆ ಮೆಲ್ಲಗೆ ಹೇಳಿದ.

"ಅವತ್ತು ಬಾಗಿಲಲ್ಲಿ ಇನ್ನೊಂದು ಸುಳ್ಳು ಹೇಳಿದೆ. ನಿಮಗೆ ನೋವಾಗಬಾರದು ಅಂತ ಮಾಡಿದೆ ಅಂದೆನಲ್ಲ, ಅದು. ಗಿಡ ಹೋಯ್ತು ಅಂದ್ರೆ ನಿಮ್ಮ ಉತ್ತರಾನೂ ಹೋಗುತ್ತೆ ಅಂತ ಭಯ ಆಯ್ತು. ನೋವಾಗಬಾರದು ಅಂದ್ಕೊಂಡಿದ್ದು ನನಗೆ... ನಿಮಗಲ್ಲ."

ಅವಳು ತಟ್ಟನೆ ತಲೆಯೆತ್ತಿದಳು.

ಆ ಫೋನಿನವನು ಇಷ್ಟನ್ನು ಯಾವತ್ತೂ ಹೇಳಿರಲಿಲ್ಲ. ಅವನ ಪ್ರಕಾರ ಕೊನೆಯವರೆಗೂ ಎಲ್ಲವೂ ಅವಳ ಒಳ್ಳೆಯದಕ್ಕೇ. ಎದುರಿಗೆ ನಿಂತ ಇವನ ಕಿವಿ ಮಾತ್ರ ಕೆಂಪಗೆ ಉರಿಯುತ್ತಿತ್ತು. ತನ್ನನ್ನು ಚಂದ ಕಾಣಿಸಿಕೊಳ್ಳುವ ಒಂದು ಮಾತನ್ನೂ ಇವನು ಆಡಲಿಲ್ಲ.

ಅವಳು ಕುಂಡವನ್ನು ಎತ್ತಿ ಅವನ ಕೈಗಿಟ್ಟಳು.

"ಮನೇವರೆಗೂ ಹೊತ್ಕೊಂಡು ಬನ್ನಿ. ನಾನು ಅಜ್ಜಿ ಕೈ ಹಿಡೀಬೇಕು."

*

ಸಂಜೆಯ ಬಿಸಿಲು ಕಿಟಕಿಯ ಕಟ್ಟೆಯ ಮೇಲೆ ಓರೆಯಾಗಿ ಬಿದ್ದಿತ್ತು. ಬೋಳು ಕುಂಭಕರ್ಣ ತನ್ನ ಹಳೆಯ ಜಾಗದಲ್ಲಿ ಕೂತಿದ್ದ. ಪಕ್ಕದಲ್ಲೇ ನರ್ಸರಿಯ ಗಿಡ. ಅಲ್ಲಿನ ತಂಪು ನೆರಳಲ್ಲಿ, ದಿನಾ ನೀರು ಕುಡಿದು ಎಚ್ಚರವಿದ್ದದ್ದು, ಈ ಮನೆಗೆ ಬಂದ ಮೇಲೆ ಎಲೆಯ ಅಂಚು ಹಳದಿ ಮಾಡಿಕೊಂಡಿತ್ತು. ಅದರ ಮೈಮೇಲಿನ ಕೆತ್ತಿದ ಗುರುತೂ ಒಣಗುತ್ತ ಬಂದಿತ್ತು.

"ಇದನ್ನ ವಾಪಸ್ ತಗೊಂಡು ಹೋಗ್ಲಾ?" ಅವನು ಕೇಳಿದ.

"ಬೇಡ. ಇರಲಿ. ಅದಕ್ಕೂ ಗಾಯ ಆಗಿದೆ."

ಅಡುಗೆಮನೆಯಿಂದ ಅಜ್ಜಿ ಏನೋ ಕೂಗಿದಳು. ಹಲ್ಲಿಲ್ಲದ ಬಾಯಿ, ಒಂದಕ್ಷರವೂ ತಿಳಿಯಲಿಲ್ಲ. ಬೈಗುಳವಂತೂ ಅಲ್ಲ.

"ಯಾವಾಗ ಏಳ್ತಾನೆ?" ಅವನು ಕುಂಭಕರ್ಣನನ್ನು ತೋರಿಸಿದ.

"ಬಿಸಿಲು ಇಳಿದ ಮೇಲೆ. ಕೆಲವು ಸಲ ಏಳೋದೇ ಇಲ್ಲ. ಅದೂ ನಿಜ. ಕಾದು ನೋಡಬೇಕು."

"ಕಾಯ್ತೀನಿ." ಬೋಳು ಬುಡವನ್ನು ಬೆರಳಲ್ಲಿ ಸವರಿ, "ಉತ್ತರಕ್ಕೂ..." ಅಂದ.

"ಅದಕ್ಕೆ ಕಾಯೋದು ಬೇಡ. ಬಸ್ಸಲ್ಲೇ ರೆಡಿ ಮಾಡ್ಕೊಂಡು ಬಂದಿದ್ದೆ." ಅವಳು ಕಿಟಕಿಯಾಚೆ ನೋಡುತ್ತ ಹೇಳಿದಳು, "ಹೂಂ. ನನಗೂ ಒಪ್ಪಿಗೆ. ಆದ್ರೆ ಒಂದು ಮಾತು... ಕೆಟ್ಟ ಸುದ್ದಿ ಇದ್ರೆ ಮೊದಲು ನನಗೇ ಹೇಳಬೇಕು."

"ಹೇಳ್ತೀನಿ. ಈಗ್ಲೇ ಒಂದು ಹೇಳ್ಲಾ? ನೀವು... ನೀನು ನಗೋವಾಗ ಕೆಳಗಿನ ಒಂದು ಹಲ್ಲು ಸೊಟ್ಟ ಕಾಣುತ್ತೆ."

"ಸರಿಮಾಡ್ತೀಯಾ?"

"ಮುಟ್ಟೋದಿಲ್ಲ!"

ಆಗಲೇ ಪಕ್ಕದ ಗಿಡದಿಂದ ಒಂದು ಹಳದಿ ಎಲೆ ಕಳಚಿ ಕಟ್ಟೆಯ ಮೇಲೆ ಬಿತ್ತು. ಅವನು ಬೆಚ್ಚಿ ಏಳಹೋದ. ಅವಳು ಅವನ ಮುಂಗೈ ಹಿಡಿದು ಕೂರಿಸಿದಳು. ಇನ್ನೊಂದು ಎಲೆ ಬಿತ್ತು. ಈ ಸಲ ಇಬ್ಬರೂ ಅಲ್ಲಾಡಲಿಲ್ಲ.