ನಾಲ್ಕನೇ ಕಂಬ

ಒಂದು ತಿಂಗಳಿಂದ ಫೋನಿನಲ್ಲಷ್ಟೇ ಕೇಳಿದ್ದ ದನಿ ಅಂದು ಊರಿಗೇ ಬರುವುದಿತ್ತು. ಶಿವಗಂಗಾ ಹಸಿರು ಸೀರೆ ಉಟ್ಟಿದ್ದಳು.

ಹಿರೇಹಡಗಲಿಯಾಚೆಯ ಆ ಹಳ್ಳಿಯಲ್ಲಿ ಅವಳು ಅಂಗನವಾಡಿ ಟೀಚರ್. ಅವಳು ಹುಟ್ಟಿ ಬೆಳೆದ ದಲಿತ ಕೇರಿಯ ಅಂಗನವಾಡಿ ಇದ್ದದ್ದು ನಾಲ್ಕು ಕಂಬದ ನೀರಿನ ಟ್ಯಾಂಕಿನ ಬುಡದಲ್ಲೇ. ಪಂಪು ಶುರುವಾದರೆ ಟ್ಯಾಂಕು ನಡುಗಿ ಗಾರೆ ಉದುರುತ್ತಿತ್ತು. ಅವಳ ಅರ್ಜಿ ನೋಡಿ ಫೋನ್ ಮಾಡಿದವನು ಇಂಜಿನಿಯರ್ ಓಬಳೇಶ್, ಕೂಡ್ಲಿಗಿ ಕಡೆಯ ಕುರಿಗಾರರ ಮನೆಯವನು. ಎರಡು ನಿಮಿಷದ ಮಾತು ಬರಬರುತ್ತಾ ದಿನಾ ಅರ್ಧ ತಾಸಾಗಿತ್ತು.

ಓಬಳೇಶ್ ಟ್ಯಾಂಕಿನ ಪಕ್ಕದ ಚರಂಡಿಯಾಚೆ, ರಸ್ತೆಯ ಮೇಲೆ ಯಂತ್ರ ಹೂಡಿ ನಿಂತಿದ್ದ. ಮೂಗಿಗೆ ಕರ್ಚೀಫು ಕಟ್ಟಿಕೊಂಡು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದ: "ನಾವು ಮುಟ್ಟಂಗೇ ಇಲ್ರಿ ಸಾರ್. ದೂರ ನಿಂತು ಮುಗಿಸಿಬಿಡ್ತೀವಿ."

ಹತ್ತಿರ ಬರುತ್ತಿದ್ದ ಶಿವಗಂಗಾ ಅಲ್ಲೇ ನಿಂತಳು. ಇಂಥವನ ಫೋನಿಗಾಗಿ ಕಾದೆನಲ್ಲ ಎಂದು ತನ್ನ ಮೇಲೇ ಹೇಸಿಗೆಯಾಯಿತು.

"ಮುಟ್ಟಿದ್ರ ಏನಾಗ್ತೈತ್ರಿ? ಮೈಲಿಗಿ ಆಗ್ತೀರೇನು?"

ದನಿ ಗುರುತಿಸಿ ಅರಳಿದ ಅವನ ಕಣ್ಣುಗಳು ಮರುಗಳಿಗೆಯಲ್ಲೇ ಕಂದಿದವು. "ಅಯ್ಯೋ ಟೀಚರ್, ಅದು ಟ್ಯಾಂಕಿನ ಕಂಬದ ಮಾತ್ರಿ! ಕಂಬ ಹತ್ತಿ ಸೆನ್ಸರ್ ಅಂಟಿಸಂಗಿಲ್ಲ. ಲೇಸರ್ ಒಂದೊಂದೇ ಜಾಗ ನೋಡ್ಕೋತ ಹೋಗ್ತೈತಿ. ವಾಪಸ್ ಬಂದ ಬೆಳಕಿನಾಗ ಎಷ್ಟು ನಡುಗ್ತು ಅಂತ ಗೊತ್ತಾಗ್ತೈತಿ."

"ಮತ್ತ ಈ ಕರ್ಚೀಫು?"

"ನಾತಕ್ಕ. ಸುಳ್ಳ್ಯಾಕ ಹೇಳ್ಲಿ? ನಿಮಗ ನಾರಂಗಿಲ್ಲೇನ್ರಿ?"

ಕೇರಿಯವರಿಗೆ ನಾತ ರೂಢಿಯಾಗಿದೆ ಎಂದೇ ಊರು ತಿಳಿದಿತ್ತು. ಯಾರೂ ಹೀಗೆ ಕೇಳಿರಲಿಲ್ಲ.

"ದಿನಾ ನಾರತೈತಿ," ಎಂದಳು. "ಉಣ್ಣಾಕ ಕುಂತಾಗ ಸೈತ."

ಅವನು ಕರ್ಚೀಫು ಬಿಚ್ಚಿ ಕಿಸೆಗಿಟ್ಟ.

ಪಂಪು ಹಾಕಿಸಿ ನೋಡಿದಾಗ ಮೂರು ಕಂಬ ಗಟ್ಟಿಯಾಗಿದ್ದವು. ನಾಲ್ಕನೆಯದು ಚರಂಡಿಯೊಳಗೇ ನಿಂತಿತ್ತು. ಅದಕ್ಕೆ ಮೆತ್ತಿದ ಕರಿ ಲೋಳೆಯಿಂದ ಬೆಳಕು ತಿರುಗಿ ಬರಲೊಲ್ಲದಾಗಿತ್ತು.

"ನಾಕೂ ಚಲೋ ಅದಾವ ಅಂತ ಬರ್ಕೊಂಡು ಹೋಗ್ರಿ," ಎಂದ ಪಂಚಾಯ್ತಿ ಮೆಂಬರ್ ಬಂಗಾರಪ್ಪ. "ಆ ಹೊಲಸಿನಾಗ ಯಾರು ಇಳೀತಾರ?"

ಓಬಳೇಶ್ ಪ್ಯಾಂಟು ಮಡಚಿ ಇಳಿದೇಬಿಟ್ಟ. ಮೊಣಕಾಲುಮಟ್ಟ ಕೊಳೆ. ತಗಡಿನ ಚೂರಿನಿಂದ ಲೋಳೆ ಕೆರೆಯುತ್ತಿದ್ದಾಗ ಉಬ್ಬಿದ ಸತ್ತ ಇಲಿಯೊಂದು ಬಂದು ಅವನ ಕಾಲಿಗೆ ತಾಗಿತು. ಅಲ್ಲೇ ವಾಂತಿ ಮಾಡಿಕೊಂಡ.

ಸೆರಗು ಸಿಕ್ಕಿಸಿ ದಂಡೆಯಲ್ಲಿ ಕೂತಿದ್ದ ಶಿವಗಂಗಾ, ಬೆಳಕು ತಿರುಗಿಸುವ ಮಿಂಚು ಟೇಪನ್ನು ತುಂಡು ಮಾಡಿ ಕೊಡುತ್ತಿದ್ದಳು. ಅವಳಿಗೂ ಓಕರಿಕೆ ಒತ್ತಿ ಬಂತು. "ಸಾಕು ಬರ್ರಿ! ನೋಡಾಕಾಗವಲ್ದು."

"ಅಂಟಿಸಾಕ ಇನ್ನೆರಡು ತುಂಡು ಅದಾವ್ರಿ. ನೀವು ಮುಖ ಆಕಡೆ ಮಾಡ್ರಿ."

ಅವಳು ಮುಖ ತಿರುಗಿಸಲಿಲ್ಲ.

ಮತ್ತೆ ಪಂಪು ಶುರುವಾಯಿತು. ಪರದೆಯ ಮೇಲೆ ಮೂರು ಕಂಬ ಹಸಿರಾಗಿದ್ದವು. ನಾಲ್ಕನೆಯದು ಕೆಂಪಗೆ, ಉಳಿದವುಗಳ ಮೂರು ಪಟ್ಟು ನಡುಗುತ್ತಿತ್ತು.

"ಮಕ್ಕಳನ್ನ ಈಗ್ಲೇ ಹೊರಗ ತರ್ರಿ," ಎಂದು ಓಬಳೇಶ್ ಕೂಗಿದ. ಬಂಗಾರಪ್ಪ ಗೊಣಗುತ್ತಲೇ ಇದ್ದ. ಶಿವಗಂಗಾ, ಓಬಳೇಶ್ ಇಬ್ಬರೂ ಸೇರಿ ಹದಿನೆಂಟು ಮಕ್ಕಳನ್ನು ಸಮುದಾಯ ಭವನಕ್ಕೆ ಸಾಗಿಸಿದರು. ಓಬಳೇಶ್ ಎತ್ತಿಕೊಳ್ಳಲು ಹೋದರೆ ಮಕ್ಕಳು "ಥೂ" ಎಂದು ಅವಳ ಹಿಂದೆ ಅಡಗಿದವು.

ಸಂಜೆಯೊಳಗೆ ಟ್ಯಾಂಕು ಖಾಲಿ ಮಾಡಿಸಿ ಅವನು ಅವಳ ಹತ್ತಿರ ಬಂದ.

"ಫೋನಿನಾಗ ಹೇಳಾಕ ಆಗಲಾರದ ಮಾತೊಂದಿತ್ತು..."

ಅವಳು ಎರಡು ಹೆಜ್ಜೆ ಹಿಂದೆ ಸರಿದಳು. "ಗೊತ್ತೈತಿ. ನನ್ನ ಮನಸಿನಾಗೂ ಅದೇ ಐತಿ. ಆದ್ರ ಹಿಂಗ ನಾರ್ಕೋತ ಹೇಳಬ್ಯಾಡ್ರಿ. ಹಿತ್ತಲದಾಗ ನೀರು ಕಾಯಾಕಿಟ್ಟೀನಿ. ಸ್ನಾನ ಮಾಡಿ ಬಂದು ನಮ್ಮವ್ವನ ಮುಂದ ಹೇಳ್ರಿ."

"ಸೋಪು?"

"ಎರಡಿಟ್ಟೀನಿ," ಎಂದಳು ಶಿವಗಂಗಾ.